ಅಣ್ಣನ ದೋಣಿಯ ತಳಕ್ಕೆ ನಾನು ಹಚ್ಚಿದ ಬಣ್ಣ

ದೋಣಿಯ ತಳಕ್ಕೆ ಹಚ್ಚುವ ಬಣ್ಣದಲ್ಲಿ ಎರಡು ಜಾತಿ. ಮೆತ್ತನೆಯದು ನೀರಿನಲ್ಲಿ ತಾನೇ ಸವೆಯುತ್ತ ಹೋಗುತ್ತದೆ, ಅಂಟಿದ ಪಾಚಿಯೂ ಅದರ ಜೊತೆ ಉದುರುತ್ತದೆ. ಒಂದು ಹಂಗಾಮಿಗೆ ಬರುತ್ತದೆ. ಗಟ್ಟಿಯದು ಸವೆಯುವುದಿಲ್ಲ. ಅದರೊಳಗಿನ ತಾಮ್ರ ನಿಧಾನವಾಗಿ ನೀರಿಗಿಳಿದು ಪಾಚಿಯನ್ನು ದೂರವಿಡುತ್ತದೆ. ಅದು ಎರಡು ಮೂರು ವರ್ಷ ಬಾಳುತ್ತದೆ. ಹುಸೇನ್ ಸಾಗರ ಕೆರೆಯ ಹಸಿರು ನೀರಿನಲ್ಲಿ ಬಣ್ಣವಿಲ್ಲದ ದೋಣಿ ಒಂದು ತಿಂಗಳು ನಿಂತರೆ ತಳಕ್ಕೆ ಗಡ್ಡ ಬರುತ್ತದೆ ಎಂದು ಅಣ್ಣ ಹೇಳುತ್ತಿದ್ದ.

ಅಣ್ಣ ಸಿಕಂದರಾಬಾದಿನಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತನಾದವನು. ನಾವು ಕಲಬುರಗಿ ಕಡೆಯವರು, ಈಜು ಕಲಿತದ್ದು ಬಾವಿಯಲ್ಲಿ. ವರ್ಗವಾಗಿ ಹೋಗುತ್ತಿದ್ದ ಮಿಲಿಟರಿ ಅಧಿಕಾರಿಯೊಬ್ಬರಿಂದ ಅವನು ಹಳೆಯ ಹಾಯಿದೋಣಿಯೊಂದನ್ನು ಕೊಂಡಾಗ ಅವನ ಹೆಂಡತಿ, ನಮ್ಮ ವೈನಿ, ಎಂಟು ದಿನ ಮಾತು ಬಿಟ್ಟಿದ್ದರು. ಪ್ರತಿ ಬೇಸಿಗೆ ಅದನ್ನು ದಡಕ್ಕೆತ್ತಿ, ತಳ ತಿಕ್ಕಿ, ಮೆತ್ತನೆಯ ಬಣ್ಣ ಹಚ್ಚಿ, ಮುಂಗಾರಿನ ಗಾಳಿ ಏಳುವ ಮುಂಚೆ ನೀರಿಗೆ ಬಿಡುತ್ತಿದ್ದ. ಬೇರೆಯವರ ಕೈಗೆ ರೋಲರ್ ಕೊಟ್ಟವನಲ್ಲ.

ಆ ವರ್ಷ ಅವನ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಗಿತ್ತು. ದೋಣಿ ತಿಕ್ಕುವ ಶಕ್ತಿ ಉಳಿದಿರಲಿಲ್ಲ, ಚುಕ್ಕಾಣಿ ಹಿಡಿಯುವಷ್ಟು ಇತ್ತು. ಈ ಮಳೆಗಾಲದ ಗಾಳಿಯಲ್ಲಿ ಹಾಯಿ ಬಿಚ್ಚಬೇಕು ಎಂಬುದೊಂದನ್ನೇ ಕೇಳಿದ್ದ. ಬಣ್ಣದ ಕೆಲಸ ನನ್ನ ಪಾಲಿಗೆ ಬಂತು.

"ಈ ಸಲ ಗಟ್ಟೀದು ತರ್ತೀನಿ ಅಣ್ಣಾ. ಮೂರು ವರ್ಷ ನೋಡೋದ ಬ್ಯಾಡ," ಎಂದೆ.

"ಮೂರು ವರ್ಷ ಯಾರು ನೋಡಾವ್ರು? ಒಂದು ಸೀಸನ್ ಸಾಕು. ದೋಣಿ ನನಗಿಂತ ಹೆಚ್ಚಿಗಿ ಬಾಳಿದ್ರ ನನಗ ಹೊಟ್ಟಿಕಿಚ್ಚು," ಎಂದು ನಕ್ಕ.

ವಿಶಾಖಪಟ್ಟಣದಿಂದ ಬಣ್ಣ ತರಿಸಿಕೊಡುವ ಅಂಗಡಿ ಸಿಕಂದರಾಬಾದಿನಲ್ಲಿತ್ತು. ಕೌಂಟರಿನ ಮೇಲೆ ಎರಡೂ ಡಬ್ಬಿ ಇಟ್ಟು ಅಂಗಡಿಯವನು "ಕೌನ್ಸಾ ಹೋನಾ ಸಾಬ್?" ಎಂದ. ಮೂರು ವರ್ಷದ ಬಣ್ಣ ಹಚ್ಚಿದರೆ ಅಣ್ಣ ಮೂರು ವರ್ಷ ಇರುತ್ತಾನೆ ಎಂದು ನಂಬುವವನಲ್ಲ ನಾನು. ಆದರೂ ಒಂದೇ ಹಂಗಾಮಿನ ಡಬ್ಬಿಯನ್ನು ನನ್ನ ಕೈಯಾರೆ ಕೊಳ್ಳಲಾಗಲಿಲ್ಲ. ಎರಡಕ್ಕೂ ಒಂದೇ ಇಟ್ಟಿಗೆ ಕೆಂಪು ಬಣ್ಣ. ಮನೆಗೆ ಬಂದು ಗಟ್ಟಿ ಬಣ್ಣವನ್ನು ಹೋದ ವರ್ಷದ ಮೆತ್ತನೆ ಬಣ್ಣದ ಖಾಲಿ ಡಬ್ಬಿಗೆ ಸುರಿದೆ.

ಮೆತ್ತನೆಯದರ ಮೇಲೆ ಗಟ್ಟಿಯದನ್ನು ಹಚ್ಚಬಾರದು, ಹಳೆಯದನ್ನು ಪೂರ್ತಿ ಕೆತ್ತಿ ತೆಗೆಯಬೇಕು ಎಂದು ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಇತ್ತು. ಮೂವತ್ತು ವರ್ಷ ಇದೇ ಊರಿನ ಪತ್ರಿಕೆಯ ಡೆಸ್ಕಿನಲ್ಲಿ ಕೂತವನು ನಾನು, ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿದ್ದೆ. ಪೂರ್ತಿ ಕೆತ್ತಲು ಹತ್ತು ದಿನ ಬೇಕಿತ್ತು, ಹತ್ತು ದಿನ ಯಾಕೆ ಎಂದು ಅಣ್ಣ ಕೇಳುತ್ತಿದ್ದ. ಎರಡು ದಿನ ನೀರು ಹಾಕಿ ಉಪ್ಪುಕಾಗದದಿಂದ ಉಜ್ಜಿ, ದೋಣಿ ನೀರಲ್ಲಿ ಮುಳುಗುವ ಗೆರೆಗೆ ಟೇಪು ಅಂಟಿಸಿ, ಹಚ್ಚಲು ಶುರು ಮಾಡಿದೆ.

ಅವನು ಬೇವಿನ ನೆರಳಲ್ಲಿ ಕೂತು ಹುಕುಂ ಮಾಡುತ್ತಿದ್ದ. "ತಳದಾಗಿಂದು ಕಲಕೋ, ತಾಮ್ರ ಅಲ್ಲೇ ಕುಂತಿರ್ತೈತಿ. ಹೆಡ್‌ಲೈನ್ ಬರಿಯೋ ಹಂಗ ಮ್ಯಾಲಿಂದ ಮ್ಯಾಲ ತೇಲಿಸಬ್ಯಾಡ." ಎರಡನೇ ಕೋಟಿನ ಹೊತ್ತಿಗೆ ಕಣ್ಣು ಕಿರಿದು ಮಾಡಿ ಕೇಳಿದ: "ಭಾಳ ಜಲ್ದಿ ಒಣಗಾಕತ್ತೈತಲ್ಲ?"

"ಬಿಸಿಲು ಹಂಗೈತಿ," ಎಂದೆ.

ಜೂನ್ ಕೊನೆಗೆ ದೋಣಿ ನೀರಿಗಿಳಿಯಿತು. ಮೊದಲೆರಡು ವಾರ ಔಷಧಿಯ ಸುಸ್ತು, ಅಣ್ಣ ಮನೆ ಬಿಟ್ಟು ಬರಲಿಲ್ಲ. ಮೂರನೇ ವಾರ ಇಬ್ಬರೂ ಹೋದೆವು. ಗಾಳಿ ಚೆನ್ನಾಗಿತ್ತು, ಹಾಯಿ ತುಂಬಿತ್ತು. ಅರ್ಧ ಗಂಟೆಯಲ್ಲಿ ಅವನ ಮುಖ ಬದಲಾಯಿತು.

"ತಳ ಯಾಕೋ ಜಗ್ಗಾಕತ್ತೈತಿ. ಕೈಗೆ ಗೊತ್ತಾಗತೈತಿ. ತಿರುಗಸೂಣು."

ದಡಕ್ಕೆತ್ತಿದಾಗ ನೋಡಿದೆವು. ಒಳಗಿನ ಹಳೆಯ ಪದರ ನೀರಿಗೆ ಸಡಿಲಾಗಿ, ಮೇಲಿನ ಗಟ್ಟಿ ಬಣ್ಣ ಅಂಗೈಯಗಲದ ಹಪ್ಪಳಗಳಾಗಿ ಎದ್ದಿತ್ತು. ಅರ್ಧ ಉದುರಿತ್ತು, ಅರ್ಧ ಜೋತಾಡುತ್ತಿತ್ತು. ಅಣ್ಣ ಒಂದು ಚೂರು ಕಿತ್ತು ಬೆರಳಲ್ಲಿ ಮುರಿದ. ಅದು ಲಟಕ್ಕೆಂದಿತು. ಚೂರನ್ನು ಜೇಬಿಗೆ ಹಾಕಿಕೊಂಡ.

ಈ ಸಲ ಪೂರ್ತಿ ಕೆತ್ತಲೇಬೇಕಾಯಿತು. ಪ್ರತಿ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಎರಡು ತಾಸು ಕೆತ್ತಿದೆ. ಎಡಬದಿ ಮುಗಿಯುವಷ್ಟರಲ್ಲಿ ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಒಂದು ಮಧ್ಯಾಹ್ನ, ವೈನಿ ಔಷಧಿ ತರಲು ಕೆಳಗೆ ಹೋದಾಗ, ಅಂಗಡಿಯಿಂದ ಡಬ್ಬಿಯವರೆಗೆ ಎಲ್ಲವನ್ನೂ ಹೇಳಿದೆ.

"ಆ ಚೂರು ಮುರಿದಾಗ ತಿಳೀತು. ಮೆತ್ತಂದು ಹಂಗ ಲಟಕ್ಕನಂಗಿಲ್ಲ," ಎಂದ. "ಸಾಲ್ಯಾಗ ಇದ್ದಾಗ ನನ್ನ ಉಂಡಿ ತಿಂದು ಡಬ್ಬಿಯೊಳಗ ಕಡ್ಲಿ ತುಂಬಿಟ್ಟಿದ್ದಿ. ಬುದ್ಧಿ ಅದ ಐತಿ, ಕೂದಲಾ ಅಷ್ಟ ಬೆಳ್ಳಗಾಗ್ಯಾವ." ನನ್ನ ಕೆಂಪಾದ ಬೆರಳುಗಳನ್ನು ನೋಡಿ, "ಎಷ್ಟು ಕೆತ್ತೀದಿ?" ಎಂದು ಕೇಳಿದ.

"ಬಲಗಡೆ ಅರ್ಧ ಉಳದೈತಿ."

"ನೀರು ಹಾಕ್ಕೊಂಡೇ ತಿಕ್ಕು. ಅದರ ಧೂಳ ವಿಷ." ಆಮೇಲೆ, "ಹೊರಗ ಗಾಳಿ ಹೆಂಗೈತಿ?"

ಗಾಳಿ ನಿಂತುಬಿಟ್ಟಿದೆ ಎಂದು ಸುಳ್ಳು ಹೇಳಬಹುದಿತ್ತು. "ಭಾಳ ಚಲೋ ಐತಿ," ಎಂದೆ. ಅವನು ತಲೆಯಾಡಿಸಿದ.

ಒಂಬತ್ತು ದಿನಕ್ಕೆ ಅವನು ತೀರಿಕೊಂಡ. ಅವನಿಗೆ ಮೂರು ವರ್ಷ ಕೊಡಲು ಹೋಗಿ, ಅವನು ಕೇಳಿದ ಒಂದೇ ಹಂಗಾಮನ್ನು ನಾನು ಅರ್ಧ ಗಂಟೆಗೆ ಇಳಿಸಿದ್ದೆ. ಇದನ್ನು ಬೇರೆ ರೀತಿ ಬರೆಯಲು ನೋಡಿದ್ದೇನೆ, ಆಗಿಲ್ಲ.

ಹದಿಮೂರನೇ ದಿನದ ಕಾರ್ಯ ಮುಗಿಸಿ ಮತ್ತೆ ದಡಕ್ಕೆ ಹೋಗಿ ಉಳಿದರ್ಧ ಕೆತ್ತತೊಡಗಿದೆ. ಮೂರನೇ ಬೆಳಿಗ್ಗೆ ವೈನಿ ಆಟೋ ಇಳಿದು ಬಂದರು. ಅವರು ಆ ದೋಣಿಯ ಹತ್ತಿರ ಬಂದದ್ದು ಅದೇ ಮೊದಲು.

"ಇದರಾಗ ಯಾರು ಕೂಡೋರು ಅದಾರಂತ ತಿಕ್ಕಾಕತ್ತೀರಿ?"

"ಯಾರೂ ಇಲ್ರಿ ವೈನಿ."

"ಹಂಗಾರ ಏಳ್ರಿ, ಮನಿಗೆ ನಡೀರಿ. ನಿನ್ನೆಯಿಂದ ಏನೂ ತಿಂದಿಲ್ಲ ನೀವು."

ಒಂದು ಮೊಳದಷ್ಟು ಬಾಕಿ ಇತ್ತು. ಬಿಟ್ಟು ಎದ್ದೆ.