ಅಂದಾನಿಯಣ್ಣನ ಗ್ರಾಫಿಕ್ಸ್ ಕಾರ್ಡ್

ತಮಿಳು ಸೀಮೆಯ ಮಾಧವರಂನಲ್ಲಿ ನಮ್ಮ ಮಹಡಿಯ ಮೇಲೆ ಬಾಡಿಗೆಗೆ ಒಬ್ಬರೇ ಇರುವ ಅಂದಾನಿಯಣ್ಣನನ್ನು ನೀವು ನೋಡಲೇಬೇಕು, ಅಷ್ಟು ಮಜಾ! ಈ ಸೆಕೆಗೆ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಕಾದು ಫ್ಯಾನ್ ಭೋರ್ಗರೆಯುತ್ತದೆಂದು ಅವರು ಕಾರ್ಡಿಗೆ ಹೋಗುವ ವೋಲ್ಟೇಜನ್ನೇ ಇಳಿಸುತ್ತಾರೆ. ತೀರಾ ಇಳಿಸಿದರೆ ಆಟದ ಮಧ್ಯೆ ಪರದೆ ಕಪ್ಪಾಗುತ್ತದೆ. ಆಗ “ಪೋಚು!”, ಅಂದರೆ ಹೋಯ್ತು, ಎಂದು ತಮಿಳಿನಲ್ಲೇ ಹಣೆ ಚಚ್ಚಿಕೊಂಡು, ಐದು ಮಿಲಿವೋಲ್ಟ್ ಏರಿಸಿ, ಕಾರ್ಡಿಗೆ “ಇಷ್ಟು ಸಾಕಾ ಪುಟ್ಟಾ?” ಎಂದು ಕೇಳಿ, ಮತ್ತೆ ಆಟ ಶುರುಮಾಡಿ, ಮೆಟ್ಟಿಲಿನಿಂದ ಕೂಗುತ್ತಾರೆ: “ಲೋ ಲಿಖಿತ್, ಬಾರೋ! ಈ ಸಲ ಆಟ ಬಿದ್ರೆ ನನ್ ಹೆಸ್ರು ಅಂದಾನಿನೇ ಅಲ್ಲ!” ಹಾಗೆ ಅವರು ಹೆಸರು ಕಳೆದುಕೊಂಡದ್ದು ನಾನು ಕಂಡಂತೆ ಮೂವತ್ತು ಸಲ! ನಾನೋ ಕಾಲೇಜಿನ ಬ್ಯಾಗನ್ನೂ ಇಳಿಸದೆ ಓಡಿಹೋಗಿ, ಅವರು ಕೊಟ್ಟ ಕೋಡುಬಳೆ ಕಡಿಯುತ್ತಾ ಪರದೆ ಕಾಯುತ್ತೇನೆ. ಮೊನ್ನೆ ಭಾನುವಾರ ಎರಡು ಗಂಟೆ ಆಡಿದರೂ ಬೀಳಲಿಲ್ಲ, ಫ್ಯಾನ್ ಸದ್ದೇ ಇಲ್ಲ. “ಅಣ್ಣಾ, ಗೆದ್ಬಿಟ್ರಿ!” ಎಂದು ಕುಣಿದೆ. ಅವರು ಕೋಡುಬಳೆ ಡಬ್ಬಿಯ ಮುಚ್ಚಳ ಹಾಕಿದರು. “ಹಂಗಾದ್ರೆ ನಾಳೆಯಿಂದ ನೀನು ಬರಲ್ವೇನೋ?” ಎಂದರು. “ಅಣ್ಣಾ, ಇನ್ನೊಂದು ಹತ್ತು ಮಿಲಿವೋಲ್ಟ್ ಇಳಿಸಿ ನೋಡೋಣ್ವಾ?” ಎಂದೆ. ಅವರು ಆಗಲೇ ಇಳಿಸಿಯಾಗಿತ್ತು.