ವಿಭೂತಿ ಹಚ್ಚಿಸಿಕೊಂಡ ಟೈಪ್‌ರೈಟರ್

ಚನ್ನಗಿರಿಯ ಶಿವಗಂಗಮ್ಮನಿಗೆ ಟೈಪ್‌ರೈಟರ್ ಬಂದದ್ದು ಮದುವೆಯಾದ ಮೇಲೆ, ಎಪ್ಪತ್ತೆಂಟರ ಬೇಸಿಗೆಯಲ್ಲಿ. ಬಾಗಿಲು ಮುಚ್ಚಿದ ಯಾವುದೋ ಆಫೀಸಿನ ಹಳೆಯ ಕನ್ನಡ ಮೆಷಿನ್ನನ್ನು ದಾವಣಗೆರೆಯ ಅಣ್ಣ ಗೋಣಿಯಲ್ಲಿ ಸುತ್ತಿ, ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ತಂದ. "ಓದಿ ಪಾಸು ಮಾಡಿದ ಟೈಪಿಂಗು. ಬೆರಳಿಗೆ ತುಕ್ಕು ಹಿಡಿಯಾದು ಬ್ಯಾಡ" ಎಂದು ಪಡಸಾಲೆಯಲ್ಲಿ ಇಳಿಸಿ ಬೆವರು ಒರೆಸಿಕೊಂಡ.

ಅತ್ತೆ ಶಂಕ್ರಮ್ಮ ಸಂತೆಯಲ್ಲಿ ಎಮ್ಮೆ ನೋಡುವವಳ ಹಾಗೆ ಅದರ ಸುತ್ತ ಒಂದು ಸುತ್ತು ಬಂದಳು.

"ಇದು ಏನು ತಿನ್ತೈತೆ?"

"ಕಾಗದ ಅತ್ತೆ."

"ಏನು ಕೊಡ್ತೈತೆ?"

ಶಿವಗಂಗಮ್ಮ ಗೋಣಿ ಮಡಚತೊಡಗಿದಳು. ಮೆಷಿನ್ನು ಕಣಜದ ಪಕ್ಕದ ಕತ್ತಲೆ ಮೂಲೆಗೆ ಸೇರಿತು. ಮನೆಯಲ್ಲಿ ಬೆಳಕು ಬರುವ ಕಿಟಕಿ ಒಂದೇ, ಅದರ ಕೆಳಗೆ ಶಂಕ್ರಮ್ಮನ ಮಣೆ. ದಿನವೂ ಅಲ್ಲಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಆ ಜಾಗ ಕೇಳುವ ಧೈರ್ಯ ಅವಳ ಮಗ, ಶಿವಗಂಗಮ್ಮನ ಗಂಡ ಜಯದೇವಪ್ಪನಿಗೂ ಇರಲಿಲ್ಲ.

ಅರ್ಜಿ ಬರೆಸುವವರು ಆಗೊಬ್ಬರು ಈಗೊಬ್ಬರು ಬಂದರು. ಶಿವಗಂಗಮ್ಮ ಟಕಟಕ ಶುರುಮಾಡಿದರೆ ಅತ್ತೆ ಬತ್ತಿ ಕೆಳಗಿಡುತ್ತಿದ್ದಳು. "ಮನ್ಯಾಗೆ ಕುಲುಮೆ ಇಟ್ಟಂಗಾತು. ನೋಡು ತಾಯಿ, ದಸರಾದೊಳಗೆ ಇದು ಹೆಸರು ಹೇಳೋವಂಥ ಒಂದು ಕೆಲಸ ತಂದ್ರೆ ಇರ್ಲಿ. ಇಲ್ದಿದ್ರೆ ಮತ್ತೆ ಬಸ್ಸಿನ ಟಾಪು ಹತ್ಲಿ."

ಶಂಕ್ರಮ್ಮ ಆಡಿದ ಮಾತು ಗೋಡೆಗೆ ಹೊಡೆದ ಮೊಳೆ. ಈ ಮನೆಯ ಅಡಿಗೆಮನೆ ಸೇರಿದ ಮೇಲೆ ತನ್ನದು ಅಂತ ಶಿವಗಂಗಮ್ಮನಿಗೆ ಉಳಿದಿದ್ದುದು ಅದೊಂದೇ ವಿದ್ಯೆ.

ಮಹಾನವಮಿಗೆ ಇನ್ನೂ ಹದಿನೈದು ದಿನ ಇರುವಾಗ ಸಂತೇಬೆನ್ನೂರಿನ ಬೆನಕಪ್ಪ ಬಂದ. ಊರಿನ ನಾಟಕದ ಗುಂಪಿಗೆ ಅವನೇ ಯಜಮಾನ, ಅವನೇ ರಾಜ. ಕಾಯಂ ರಾಜನಾಗಿದ್ದರಿಂದ ಬೀದಿಯಲ್ಲೂ ಎದೆ ಮುಂದೆ ಮಾಡಿ ನಡೆಯುತ್ತಿದ್ದ. ಹೊಸ ನಾಟಕದ ಕೈಬರಹ ತಂದಿದ್ದ. ಕಾರ್ಬನ್ ಇಟ್ಟು ಅದರ ಪ್ರತಿಗಳನ್ನು ತೆಗೆಯಬೇಕಿತ್ತು.

"ಎಲ್ಲಕ್ಕಿಂತ ಕೆಳಗಿನ ಪ್ರತಿ ಮಂಜಾಗಿ ಬರ್ತೈತೆ ರೀ" ಎಂದಳು ಶಿವಗಂಗಮ್ಮ.

"ಅದು ಹಾರ್ಮೋನಿಯಂ ಮಾಸ್ತರಿಗೆ. ಅವರು ಹೆಂಗೂ ಕಣ್ಣು ಮುಚ್ಚೇ ಬಾರ್ಸೋದು." ಬೆನಕಪ್ಪ ದನಿ ತಗ್ಗಿಸಿದ. "ದಶಮಿ ಸಂಜೆ ಬನ್ನಿ ಹಂಚೋವಾಗ ಅದ್ರ ಜತೆಗೇ ಪಾತ್ರಾನೂ ಕೈಗೆ ಕೊಡ್ತೀನಿ. ಬನ್ನಿ ಬ್ಯಾಡ ಅನ್ನಾಕೆ ಯಾರಿಗೂ ಬಾಯಿ ಬರಲ್ಲ. ಅವತ್ತು ಮಧ್ಯಾಹ್ನದ ಬಸ್ಸಿಗೆ ಬರ್ತೀನಮ್ಮ. ಆಗಿರ್ಲಿಲ್ಲ ಅಂದ್ರೆ ಹಳೇ ನಾಟಕಾನೇ ಆಡ್ತೀವಿ."

ಹೆಸರು ಹೇಳುವಂಥ ಕೆಲಸ ಅಂದರೆ ಇದೇ. ಆಯುಧಪೂಜೆಯ ಹಿಂದಿನ ದಿನಕ್ಕೆ ಕೊನೆಯ ಅಂಕವೊಂದು ಉಳಿಯಿತು. ಪೂಜೆಯ ದಿನ ಯಾವ ಆಯುಧವನ್ನೂ ಮುಟ್ಟುವಂತಿಲ್ಲ. ದಶಮಿ ಬೆಳಿಗ್ಗೆ ಕೂತರೆ ಬಸ್ಸಿನ ಹೊತ್ತಿಗೆ ಮುಗಿದೀತು ಎಂದು ಲೆಕ್ಕ ಹಾಕಿ, ಪೂಜೆಯ ದಿನ ಹೋಳಿಗೆ ತಟ್ಟುತ್ತ ಕೂತಳು.

ಇತ್ತ ಶಂಕ್ರಮ್ಮ ಮಿಂದು ಮಡಿಯುಟ್ಟು, ಕುಡಗೋಲು, ಹಾರೆ, ಅಡಿಕೆ ಕತ್ತಿ, ತಕ್ಕಡಿ ಎಲ್ಲಕ್ಕೂ ವಿಭೂತಿ ಬಳಿದು ಬಂದಳು. ಕಡೆಗೆ ಮೆಷಿನ್ನಿನ ಮುಂದೆ ನಿಂತಳು. ತನಗೆ ಸೇರದ ಸಾಮಾನೇನೋ ಹೌದು, ಆದರೆ ಹಬ್ಬದ ದಿನ ಒಂದು ಆಯುಧವನ್ನು ಬಿಟ್ಟರೆ ಅದು ನೊಂದುಕೊಳ್ಳುವುದಿಲ್ಲವೇ? ಗುಂಡಿಗಳಿಗೆಲ್ಲ ಒಂದೊಂದು ಬೊಟ್ಟಿಟ್ಟಳು. ಮುಚ್ಚಳ ಎತ್ತಿದರೆ ಒಳಗೆ ಸಣ್ಣ ಸಣ್ಣ ಕಬ್ಬಿಣದ ಕಡ್ಡಿಗಳು, ತುದಿಯಲ್ಲಿ ಅಚ್ಚಿನ ಅಕ್ಷರ ಹೊತ್ತು ಸಾಲಾಗಿ ಮಲಗಿದ್ದವು. ದುಡಿಯುವವರು ಇವರೇ ಅಂತ ತಿಳಿದು, ನೀರಲ್ಲಿ ತೇಯ್ದ ವಿಭೂತಿಯನ್ನು ಪ್ರತಿಯೊಂದು ಅಕ್ಷರಕ್ಕೂ ಧಾರಾಳವಾಗಿ ಮೆತ್ತಿದಳು.

ಮರುದಿನ ಬೆಳಿಗ್ಗೆ ಶಿವಗಂಗಮ್ಮ ಕಾಗದ ಏರಿಸಿ ಒಂದು ಗುಂಡಿ ಒತ್ತಿದಳು. ಕಡ್ಡಿ ಏಳಲಿಲ್ಲ. ಇನ್ನೊಂದು ಎದ್ದಿತು, ಕಾಗದದ ಮೇಲೆ ಬೆಳ್ಳಗೆ ಒಂದು ಉಂಡೆ ಒತ್ತಿ ಬಿತ್ತು. ಮುಚ್ಚಳ ತೆಗೆದು ನೋಡಿದರೆ ಸುಣ್ಣ ಬಳಿದ ಗೋಡೆಯಂತೆ ಒಣಗಿ ಕೂತಿತ್ತು ವಿಭೂತಿ.

ಹಬ್ಬದ ದಿನ ರಿಪೇರಿಯವನು ಎಲ್ಲಿ ಸಿಕ್ಕಾನು? ಅವಳ ಕಣ್ಣು ತುಂಬಿತು. ಬಾಗಿಲಲ್ಲಿ ನಿಂತ ಜಯದೇವಪ್ಪ ತಾಯಿಯ ಮುಖ ನೋಡಿದ.

"ವಾಪಸ್ ಕಳ್ಸೋ ಮಾತು ನಿಂದೇ ಅಲ್ವೇನವ್ವ? ಕಳ್ಸಾಕೆ ದಾರಿನೂ ನೀನೇ ಮಾಡಿದಂಗಾತು."

"ಬೇಕಂತ ಮಾಡಿದ್ನೇನೋ? ಭಕ್ತಿಗೆ ಮಾಡಿದ್ದು" ಎಂದಳು ಶಂಕ್ರಮ್ಮ. ಆದರೆ ಮುಖ ಸಣ್ಣದಾಗಿತ್ತು. ಸೊಸೆಯ ಕಣ್ಣು ನೋಡಿದ್ದೇ ಸೆರಗು ಸಿಕ್ಕಿಸಿದಳು. "ಮಾತೂ ನಂದೇ, ವಿಭೂತಿನೂ ನಂದೇ. ನಾನೇ ತೆಗೀತೀನಿ. ಇದನ್ನ ಇತ್ತ ಹೊತ್ಕಂಡು ಬಾರೋ, ಆ ಕತ್ತಲ್ಯಾಗೆ ನಂಗೆ ಕಾಣಲ್ಲ."

ಜಯದೇವಪ್ಪ ಮೆಷಿನ್ನನ್ನು ಕಿಟಕಿಯ ಕೆಳಗೆ ತಂದಿಟ್ಟ. ಶಂಕ್ರಮ್ಮ ದೇವರಿಗೆಂದು ಹೊಸೆದಿಟ್ಟ ಬತ್ತಿಗಳನ್ನೇ ಸೀಮೆಎಣ್ಣೆಯಲ್ಲಿ ಅದ್ದಿ, ಕೂಸಿನ ಕಿವಿ ತೊಳೆಯುವಷ್ಟು ಹಗುರಾಗಿ ಅಕ್ಷರಗಳ ಸಂದುಗೊಂದು ಉಜ್ಜಿದಳು. ಸೊಸೆ ಒಂದೊಂದೇ ಕಡ್ಡಿ ಎತ್ತಿ ಹಿಡಿದಳು, ಹಳೆಯ ಪಂಚೆಯಿಂದ ಒರೆಸಿದಳು.

"ಇವ್ನು ಬಿಡವಲ್ಲ ನೋಡು. ಯಾವನು ಇವನು?"

"ಅವನು 'ಳ' ಅತ್ತೆ."

"ಮೊಂಡ."

ಟಕಟಕ ಮತ್ತೆ ಶುರುವಾಯಿತು. ಕೊನೆಯ ಅಂಕದಲ್ಲಿ ರಾಜ ಇನ್ನೂ ಯುದ್ಧಕ್ಕೆ ಹೊರಟಿರಲಿಲ್ಲ, ಬೆನಕಪ್ಪ ಬಂದೇಬಿಟ್ಟ. ಶಂಕ್ರಮ್ಮ ಹೊಸಿಲಲ್ಲೇ ತಡೆದಳು. "ಕೂತ್ಕಳ್ರಿ ರಾಜರು. ಹಬ್ಬದ ದಿನ ಉಣ್ಣದೆ ಹೋಗಬಾರ್ದು." ತುಪ್ಪ ಸುರಿದು ಹೋಳಿಗೆ ಬಡಿಸಿದಳು. ಬೇಡ ಅಂದಷ್ಟೂ ಬಡಿಸಿದಳು. ರಾಜರು ಕಂಬಕ್ಕೆ ಒರಗಿ ತೂಕಡಿಸುವ ಹೊತ್ತಿಗೆ ಒಳಗೆ ಟಕಟಕ ನಿಂತಿತು.

ಎದ್ದ ಬೆನಕಪ್ಪ ಕಾಗದವನ್ನು ಮೂಗಿನ ಹತ್ತಿರ ಹಿಡಿದ. "ಸೀಮೆಎಣ್ಣೆ ವಾಸನೆ. ಅಂಚಿಗೆಲ್ಲ ಬೆಳ್ಳಗೈತಲ್ಲಮ್ಮ?"

ಶಿವಗಂಗಮ್ಮ ಅಂಚು ಒರೆಸಲು ಕೈ ಚಾಚಿದಳು. ಶಂಕ್ರಮ್ಮ ಮಾತ್ರ ಅಲುಗಲಿಲ್ಲ. "ವಿಭೂತಿ ಅದು. ಪೂಜೆಯಾದ ಮೆಷಿನ್ನಿಂದ ಬಂದ ಅಕ್ಷರ. ಬ್ಯಾರೆ ಊರಾಗೆ ಸಿಗಾಕಿಲ್ಲ."

ಬೆನಕಪ್ಪ ಕಾಗದವನ್ನು ಕಣ್ಣಿಗೊತ್ತಿಕೊಂಡು ಬಸ್ಸಿಗೆ ನಡೆದ. ಅವನ ನಾಟಕ ಗೆದ್ದಿತು. ಹಾರ್ಮೋನಿಯಂ ಮಾಸ್ತರು ಕಣ್ಣು ಬಿಟ್ಟೇ ಬಾರಿಸಿದರಂತೆ. ಬರುಬರುತ್ತ ಹೊನ್ನಾಳಿ, ನ್ಯಾಮತಿಯ ಗುಂಪುಗಳೂ ಕೈಬರಹ ಹಿಡಿದು ಬಂದವು. "ಅಂಚಿಗೆ ಸ್ವಲ್ಪ ವಿಭೂತಿ ಬೀಳ್ಲಿ" ಎಂದು ಕೇಳುವವರೂ ಇದ್ದರು. ಶಿವಗಂಗಮ್ಮನ ಕೈಗೆ ಎಂಬತ್ತರ ದಶಕವೆಲ್ಲ ಬಿಡುವಿರಲಿಲ್ಲ.

ಆವತ್ತು ಬೆನಕಪ್ಪ ಹೋದ ಮೇಲೆ ಜಯದೇವಪ್ಪ ಮೆಷಿನ್ನನ್ನು ಮತ್ತೆ ಮೂಲೆಗಿಡಲು ಬಗ್ಗಿದ್ದ. ಶಂಕ್ರಮ್ಮ ಕೈಗೆ ಹೊಡೆದಳು. ತನ್ನ ಮಣೆಯನ್ನೂ ಹತ್ತಿಯನ್ನೂ ತಾನೇ ಎತ್ತಿಕೊಂಡು ಕಣಜದ ಪಕ್ಕಕ್ಕೆ ಹೋಗಿ ಕೂತಳು.

"ಬತ್ತಿ ಹೊಸ್ಯಾಕೆ ಕಣ್ಣು ಯಾಕೆ ಬೇಕು? ಅದು ಅಲ್ಲೇ ಇರ್ಲಿ."

ಮುಂದಿನ ಆಯುಧಪೂಜೆಗೆ ಅವಳೇ ಮುಚ್ಚಳ ಭದ್ರ ಮಾಡಿ, ಅದರ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದಳು. ಅಡಿಗೆಮನೆಯ ಬಾಗಿಲಿಂದ ಇಣುಕಿದ ಸೊಸೆಗೆ ಅಲ್ಲಿಂದಲೇ ಹೇಳಿದಳು: "ಹೆದರ್ಬ್ಯಾಡ. ಒಳಗಿರೋರಿಗೆ ನಾಳೆ ಸೀಮೆಎಣ್ಣೆ ಕೊಡ್ತೀನಿ."