ನೀರಿನ ಗಂಟೆಗೆ ಕುಡಿಯದವಳು

ಕಳೆದ ವರ್ಷ ಜುಲೈ ತಿಂಗಳ ಮೊದಲ ಸೋಮವಾರ, ಎರಡನೇ ಪೀರಿಯಡ್ ನಡೆಯುತ್ತಿದ್ದಾಗ, ನಮ್ಮ ಶಾಲೆಯಲ್ಲಿ ಮೊದಲ ಸಲ ನೀರಿನ ಗಂಟೆ ಹೊಡೆಯಿತು. ಮಾಗಡಿ ರಸ್ತೆಯ ಆಚೀಚೆಗಿನ ಬಡಾವಣೆಗಳ ಮಕ್ಕಳು ಓದುವ ಸರ್ಕಾರಿ ಪ್ರೌಢಶಾಲೆ ಅದು. ನಾನು ಅಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಆ ವರ್ಷ ಒಂಬತ್ತನೇ ತರಗತಿಯ ಹೊಣೆಯೂ ನನ್ನದಾಗಿತ್ತು. ಮಕ್ಕಳು ನೀರೇ ಕುಡಿಯದೆ ಸಂಜೆಯವರೆಗೂ ಕೂರುತ್ತಾರೆ, ಆಟದ ಪೀರಿಯಡ್ಡಿನಲ್ಲಿ ತಲೆಸುತ್ತಿ ಬೀಳುತ್ತಾರೆ ಎಂದು ನಮ್ಮ ಮುಖ್ಯೋಪಾಧ್ಯಾಯಿನಿ ಈ ಏರ್ಪಾಡು ಮಾಡಿದರು.

ಪಾಠದ ಗಂಟೆ ಢಣಢಣ ಹೊಡೆಯುತ್ತದೆ. ದಿನಕ್ಕೆ ಮೂರು ಸಲ ಹೊಡೆಯುವ ನೀರಿನ ಗಂಟೆಯ ರೀತಿಯೇ ಬೇರೆ. ಒಂದು ಏಟು. ಅದರ ದನಿ ಪೂರ್ತಿ ಆರುವವರೆಗೆ ಕಾಯುವುದು. ಆಮೇಲೆ ಇನ್ನೊಂದು. ಅದು ಕೇಳಿದ ಕೂಡಲೇ ಪಾಠ ನಿಲ್ಲಿಸಿ ಎಲ್ಲರೂ ತಮ್ಮ ತಮ್ಮ ಬಾಟಲಿ ತೆಗೆದು ಕುಡಿಯಬೇಕು, ನಾವೂ ಕುಡಿಯಬೇಕು.

ಆ ಒಂದೆರಡು ನಿಮಿಷ ಇಡೀ ಶಾಲೆ ನೀರಿನೊಳಗೆ ಇಳಿದಂತಿರುತ್ತದೆ. ಎಲ್ಲ ತಲೆಗಳೂ ಹಿಂದಕ್ಕೆ ಬಾಗುತ್ತವೆ, ಕಣ್ಣು ಮುಚ್ಚಿಕೊಳ್ಳುತ್ತವೆ. ಕಿಟಕಿಯ ಬಿಸಿಲು ಬಾಟಲಿಗಳನ್ನು ಹಾದುಬಂದು ಗೋಡೆಯ ಮೇಲೆ, ಚಾವಣಿಯ ಮೇಲೆ, ತೂಗುಹಾಕಿದ ಭಾರತದ ನಕ್ಷೆಯ ಮೇಲೆ ಸಣ್ಣ ಸಣ್ಣ ಬೆಳಕಿನ ಮೀನುಗಳನ್ನು ಬಿಡುತ್ತದೆ. ಅವು ಅರಬ್ಬೀ ಸಮುದ್ರದಿಂದ ಹೊರಟು ರಾಜಸ್ಥಾನದ ಮರಳಿನ ಮೇಲೆಲ್ಲ ಈಜಾಡುತ್ತವೆ. ಯಾರ ಬಾಯಿಯೂ ಬಿಡುವಾಗಿಲ್ಲದ್ದರಿಂದ ಮಾತಿಲ್ಲ. ಗುಟುಕಿನ ಸದ್ದು ಮಾತ್ರ. ಮಾಗಡಿ ರಸ್ತೆಯ ಬಸ್ಸುಗಳು ಯಾರದೋ ನಿದ್ದೆಯಲ್ಲಿ ಹಾದುಹೋದಂತೆ ದೂರದಲ್ಲಿ ಹೋಗುತ್ತವೆ.

ಬಾಟಲಿ ಕೆಳಗಿಳಿದ ಮೇಲೆ ಮಾತು ಶುರು. ಮಕ್ಕಳು ಒಬ್ಬರ ನೀರನ್ನು ಒಬ್ಬರು ರುಚಿ ನೋಡುತ್ತಾರೆ.

"ಲೇ, ಇದು ಬೋರ್ ನೀರು ಕಣೇ. ಉಪ್ಪುಪ್ಪು."

"ನಿಮ್ ರೋಡಿಗೆ ಇವತ್ತು ಕಾವೇರಿ ಬಂತಾ? ನಮಗೆ ಬಂದೇ ಇಲ್ಲ."

"ನಮ್ದು ಫಿಲ್ಟರ್ರು. ಕಾಯಿನ್ ಹಾಕಿ ತಂದಿರೋದು. ಮುಖ ತೊಳೀಬೇಡ ಅದ್ರಲ್ಲಿ."

ಆಗಸ್ಟ್‌ನಲ್ಲಿ ಹೊಸ ಹುಡುಗಿಯೊಬ್ಬಳು ಒಂಬತ್ತನೇ ತರಗತಿಗೆ ಸೇರಿದಳು. ಅವಳ ಮನೆಯವರು ಲಗ್ಗೆರೆಯಿಂದ ಅನ್ನಪೂರ್ಣೇಶ್ವರಿ ನಗರದ ಕಡೆಗೆ ಮನೆ ಬದಲಾಯಿಸಿದ್ದರು. ತಾಯಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾರೆ. ಹುಡುಗಿ ಕಿಟಕಿಯ ಪಕ್ಕದ ಬೆಂಚಿನ ತುದಿಯಲ್ಲಿ ಕೂತಳು. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಕೇಳದಿದ್ದರೆ ಇಲ್ಲ. ಮೊದಲ ವಾರದಲ್ಲಿ ಅವಳ ಬಗ್ಗೆ ನಾನು ಗಮನಿಸಿದ್ದು ಅಷ್ಟೇ.

ಎರಡನೇ ವಾರದಲ್ಲಿ ನೀರಿನ ಗಂಟೆ ಹೊಡೆದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅವಳೂ ಎಲ್ಲರಂತೆ ತಲೆ ಹಿಂದಕ್ಕೆ ಬಾಗಿಸುತ್ತಿದ್ದಳು, ಬಾಟಲಿ ಎತ್ತುತ್ತಿದ್ದಳು, ಕಣ್ಣು ಮುಚ್ಚುತ್ತಿದ್ದಳು. ಆದರೆ ಗಂಟಲು ಅಲುಗುತ್ತಿರಲಿಲ್ಲ. ಅವಳ ನೀಲಿ ಬಾಟಲಿ ಗೋಡೆಯ ಮೇಲೆ ಬಿಡುತ್ತಿದ್ದ ಬೆಳಕು ಬೇರೆ ಮೀನುಗಳ ನಡುವೆ ಅಲ್ಲಾಡದೆ ನಿಂತಿರುತ್ತಿತ್ತು. ಸಂಜೆ ಮನೆಗೆ ಹೋಗುವಾಗ ಗೇಟಿನ ಬಳಿಯ ಹೊಂಗೆ ಮರದ ಬುಡಕ್ಕೆ ಆ ನೀರನ್ನೆಲ್ಲ ಸುರಿದು ಹೋಗುತ್ತಿದ್ದಳು. ಸುರಿಯುವಾಗ ಅವಸರವಿರಲಿಲ್ಲ. ಗಿಡಕ್ಕೆಂದೇ ಮನೆಯಿಂದ ತಂದ ನೀರಿನಂತೆ ಸುತ್ತಲೂ ಸುರಿಯುತ್ತಿದ್ದಳು.

ತರಗತಿಗೂ ಇದು ಗೊತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂರುವ, ಎಲ್ಲರಿಗಿಂತ ಎತ್ತರದ ಹುಡುಗಿ ಅವಳಿಗೆ ಒಂಟೆ ಎಂದು ಹೆಸರಿಟ್ಟಳು.

"ಒಂಟೆ ಹಂಗೆ ಕಣೇ ಅವಳು. ಭಾನುವಾರ ಒಂದ್ಸಲ ಕುಡುದ್ರೆ ಶನಿವಾರದವರೆಗೂ ಬರುತ್ತೆ."

"ನಿಂಗೆ ಲೈಟ್ ಕಂಬ ಅಂತಾರೆ, ಅದಕ್ಕೇನಂತೀಯಾ?" ಎಂದಳು ಅವಳ ಪಕ್ಕದವಳು.

"ಕಂಬಾನಾದ್ರೂ ಊರಿಗೆ ಬೆಳಕು ಕೊಡುತ್ತೆ, ಹೋಗೇ."

ಹೊಸ ಹುಡುಗಿ ಇದನ್ನು ಕೇಳಿಸಿಕೊಂಡು ಪುಸ್ತಕದ ಹಾಳೆ ಮಗುಚಿದಳು.

ಸೆಪ್ಟೆಂಬರ್‌ನಲ್ಲಿ ಅವಳು ನಾಲ್ಕೈದು ದಿನ ಬರಲಿಲ್ಲ. ಒಂದು ಬೆಳಗ್ಗೆ ತಾಯಿ ಬಂದರು. ಕೆಲಸಕ್ಕೆ ತಡವಾಗುತ್ತದೆಂದು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಮಾತಾಡಿದರು. ಮಗಳಿಗೆ ಜ್ವರ, ಹೊಟ್ಟೆಯ ಕೆಳಗೆ ನೋವು, ಮೂತ್ರಕ್ಕೆ ಹೋದರೆ ಉರಿ. ಇದು ಎರಡನೇ ಸಲ.

"ಡಾಕ್ಟ್ರು ಕೇಳುದ್ರು ಮಿಸ್, ಸ್ಕೂಲಲ್ಲಿ ನೀರು ಕುಡಿಯಲ್ವಾ, ಟಾಯ್ಲೆಟ್ಟಿಗೆ ಹೋಗಲ್ವಾ ಅಂತ. ಇವಳು ತುಟಿ ಬಿಚ್ಚಲ್ಲ. ಮನೆಗೆ ಬಂದೋಳೇ ಬ್ಯಾಗ್ ಬಿಸಾಕಿ ಬಚ್ಚಲಿಗೆ ಓಡ್ತಾಳೆ. ನೀವಾದ್ರೂ ಕೇಳಿ."

"ಕೇಳ್ತೀನಮ್ಮ. ಔಷಧಿ ಪೂರ್ತಿ ಕೊಡಿ."

"ಇನ್ನೊಂದ್ಸಲ ಹಿಂಗಾದ್ರೆ ಸ್ಕೂಲ್ ಬಿಡಿಸಿಬಿಡ್ತೀನಿ ಮಿಸ್. ಲಗ್ಗೆರೇಲಿ ನಮ್ಮಕ್ಕ ಇದಾಳೆ, ಅವರ ಮನೇಲಿರ್ಲಿ. ಹತ್ತನೇ ಕ್ಲಾಸು ಮನೇಲೇ ಓದ್ಕೊಂಡು ಪ್ರೈವೇಟಾಗಿ ಕಟ್ಟಲಿ. ನಂಗೂ ದಿನಾ ರಜಾ ಹಾಕೋಕಾಗಲ್ಲ, ಸೂಪರ್‌ವೈಸರ್ ಬಾಯಿಗೆ ಬಂದಂಗೆ ಬೈತಾನೆ."

ಬೆದರಿಕೆಯಂತೆ ಆಕೆ ಹೇಳಲಿಲ್ಲ. ಲೆಕ್ಕಾಚಾರ ಮುಗಿಸಿದವರಂತೆ ಹೇಳಿ ಹೊರಟುಹೋದರು.

ಹುಡುಗಿ ಮರಳಿ ಬಂದ ದಿನ ವರಾಂಡದ ಕೊನೆಗೆ ಕರೆದುಕೊಂಡು ಹೋಗಿ ಕೇಳಿದೆ. ಅವಳು ಕಂಬಿ ಹಿಡಿದು ಮೈದಾನದ ಕಡೆ ತಿರುಗಿದಳು. ಹುಡುಗರು ಕಬಡ್ಡಿ ಆಡುತ್ತಿದ್ದರು, ಧೂಳು ಎದ್ದು ಬಿಸಿಲಿನಲ್ಲಿ ತೇಲುತ್ತಿತ್ತು. ಒಂದೇ ಮಾತು ಹೇಳಿದಳು.

"ಆಯಮ್ಮ ಬಂದು ತೆಗುದ್ರು ಮಿಸ್."

ಶಾಲೆ ಗುಡಿಸುವ ಆಯಮ್ಮನನ್ನು ಕೇಳಿದೆ. ಆಕೆ ಪೊರಕೆ ಗೋಡೆಗೆ ಒರಗಿಸಿ ನೆನಪು ಮಾಡಿಕೊಂಡರು.

"ಹೂಂ ಮಿಸ್, ಆ ಹೊಸಾ ಮಗು. ಸೇರಿ ಒಂದು ವಾರಾನೂ ಆಗಿರ್ಲಿಲ್ಲ. ನೀರು ಹಾಕೋಣ ಅಂತ ಹೋಗಿ ಟಾಯ್ಲೆಟ್ ಚಿಲಕ ತೆಗುದ್ರೆ ಒಳಗೆ ನಿಂತೈತೆ. ಅಳ್ತಾನೂ ಇರ್ಲಿಲ್ಲ. ಥ್ಯಾಂಕ್ಸ್ ಆಂಟಿ ಅಂತು, ಹೋಯ್ತು. ನಾನು ಹುಡುಗೀರ ತಮಾಷೆ ಅಂದ್ಕೊಂಡೆ."

ಒಂದು ಪೀರಿಯಡ್ ಪೂರ್ತಿ ಅವಳು ಒಳಗಿದ್ದಳು. ಹಾಜರಿ ಬೆಳಗ್ಗೆಯೇ ಆಗಿತ್ತು. ಸೇರಿ ಕೆಲವೇ ದಿನವಾದ ಹುಡುಗಿ ಬೆಂಚಿನ ತುದಿಯಲ್ಲಿ ಇಲ್ಲವೆಂದು ಯಾರಿಗೂ ಅನ್ನಿಸಿರಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಹುಡುಗಿಯರು ನಲ್ಲಿಯ ಬಳಿ ತಟ್ಟೆ ತೊಳೆಯುತ್ತಿದ್ದರು. ಹೊಸ ಹುಡುಗಿ ಅಲ್ಲಿರಲಿಲ್ಲ. ಹೊರಗಿನ ಚಿಲಕ ಯಾರು ಹಾಕುತ್ತಾರೆ ಎಂದು ಕೇಳಿದೆ. ಎತ್ತರದ ಹುಡುಗಿ ಕೈಯಲ್ಲಿ ತಟ್ಟೆ ಹಿಡಿದೇ ಉತ್ತರಿಸಿದಳು.

"ನಾವೆಲ್ಲಾ ಹಾಕ್ತೀವಿ ಮಿಸ್. ನಾಯಿ ನುಗ್ತವೆ, ಹಾಕ್ಬಿಟ್ಟು ಬನ್ನಿ ಅಂತ ಆಯಮ್ಮನೇ ಹೇಳಿರೋದು."

"ಒಳಗೆ ಯಾರಾದ್ರೂ ಇದ್ರೆ?"

"ಇದ್ರೆ ಡೋರ್ ಫ್ರೆಂಡ್ ಹೊರಗಿರ್ತಾಳಲ್ಲಾ ಮಿಸ್."

ಡೋರ್ ಫ್ರೆಂಡ್ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ವಿವರಿಸಿದರು. ಟಾಯ್ಲೆಟ್ಟಿನ ಬಾಗಿಲಿಗೆ ಒಳಗಡೆ ಚಿಲಕವಿಲ್ಲ, ಯಾವತ್ತೋ ಕಿತ್ತುಹೋಗಿದೆ. ಅದಕ್ಕೇ ಇಬ್ಬಿಬ್ಬರು ಹೋಗುತ್ತಾರೆ. ಒಬ್ಬಳು ಒಳಗೆ, ಒಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಾಳೆ. ಆಮೇಲೆ ಅದಲುಬದಲು. ಎಂಟನೇ ತರಗತಿಯಲ್ಲೇ ಜೋಡಿಗಳು ಗೊತ್ತಾಗಿಬಿಡುತ್ತವೆ. ಜಗಳವಾದರೆ ಮಾತು ಬಿಡುತ್ತಾರಂತೆ, ಆದರೆ ಬಾಗಿಲು ಹಿಡಿಯುವುದನ್ನು ಬಿಡುವುದಿಲ್ಲವಂತೆ. ಹೊರಗೆ ಯಾರೂ ನಿಂತಿಲ್ಲವೆಂದರೆ ಒಳಗೆ ಯಾರೂ ಇಲ್ಲವೆಂದೇ ಅರ್ಥ.

"ಬಾಗಿಲು ಹಿಡಿಯೋದು ಅಷ್ಟೇ ಅಲ್ಲ ಮಿಸ್," ಎಂದಳು ಇನ್ನೊಬ್ಬಳು. "ನಾವು ಒಳಗಿದೀವಿ ಅಂತ ಯಾರಿಗಾದ್ರೂ ಗೊತ್ತಿರ್ಬೇಕಲ್ವಾ."

"ಆ ಹೊಸ ಹುಡುಗಿಗೆ ಯಾರು?"

ನಲ್ಲಿ ಸುರಿಯುತ್ತಲೇ ಇತ್ತು. "ಎಲ್ರಿಗೂ ಆಗ್ಲೇ ಇದಾರೆ ಮಿಸ್," ಎಂದು ಯಾರೋ ಮೆಲ್ಲಗೆ ಅಂದರು.

ನಡೆದದ್ದನ್ನು ಹೇಳಿದೆ. ಎತ್ತರದ ಹುಡುಗಿಯ ತಟ್ಟೆಯಲ್ಲಿ ನೀರು ತುಂಬಿ ಚೆಲ್ಲಿತು. "ಅಯ್ಯೋ, ನಾನೇ ಮಿಸ್ ಹಾಕಿದ್ದು. ಆವತ್ತು ಹೊರಗೆ ಯಾರೂ ಇರ್ಲಿಲ್ಲ, ಖಾಲಿ ಅಂದ್ಕೊಂಡೆ. ಅವಳು ಕೂಗ್ಬಾರದಿತ್ತಾ?"

ಯಾಕೆ ಕೂಗಲಿಲ್ಲ ಎಂಬುದನ್ನು ಹೊಸ ಹುಡುಗಿ ಎಷ್ಟೋ ದಿನಗಳ ಮೇಲೆ ನನಗೆ ಹೇಳಿದಳು. "ಕೂಗಿದ್ರೆ ಎಲ್ಲಾರೂ ಬಂದ್ಬಿಡ್ತಿದ್ರು ಮಿಸ್."

ಮುಖ್ಯೋಪಾಧ್ಯಾಯಿನಿ ತಡಮಾಡಲಿಲ್ಲ. ಮರುದಿನವೇ ಹಾರ್ಡ್‌ವೇರ್ ಅಂಗಡಿಯಿಂದ ಆಳು ಬಂದು ಹೊರಗಿನ ಚಿಲಕ ಕಿತ್ತು ಒಳಗಡೆಗೆ ಹೊಸದು ಹಾಕಿಹೋದ. "ಈಗ ನಾಯಿಗೆ ಯಾರು ಹೇಳ್ತಾರೋ," ಎಂದು ಆಯಮ್ಮ ಗೊಣಗಿದರು. ಬಾಗಿಲ ವಿಷಯ ಮುಗಿಯಿತೆಂದು ಸ್ಟಾಫ್ ಮೀಟಿಂಗಿನಲ್ಲಿ ಹೇಳಲಾಯಿತು.

ಹುಡುಗಿ ನೀರು ಕುಡಿಯಲಿಲ್ಲ. ನೀರಿನ ಗಂಟೆ ಹೊಡೆಯುತ್ತಿತ್ತು, ನಕ್ಷೆಯ ಮೇಲೆ ಮೀನುಗಳು ಬರುತ್ತಿದ್ದವು, ಹೋಗುತ್ತಿದ್ದವು. ಅವಳು ಕಣ್ಣು ಮುಚ್ಚಿ, ತುಟಿ ಮುಚ್ಚಿ, ಬಾಟಲಿ ಎತ್ತಿ ಹಿಡಿದು ಕೂತಿರುತ್ತಿದ್ದಳು. ತುಟಿ ಒಡೆದಿತ್ತು. ತಾಯಿ ಹೇಳಿದ್ದ ಆ 'ಇನ್ನೊಂದ್ಸಲ' ಯಾವ ವಾರ ಬರುತ್ತದೋ ಎಂದು ನಾನು ಪ್ರತಿ ಬೆಳಗ್ಗೆ ಹಾಜರಿ ಕರೆಯುವಾಗ ಅವಳ ಬೆಂಚಿನ ಕಡೆ ನೋಡುತ್ತಿದ್ದೆ.

ಎತ್ತರದ ಹುಡುಗಿ ತನ್ನದೇ ರೀತಿಯಲ್ಲಿ ಪ್ರಯತ್ನ ಮಾಡಿದಳು. ಮೊದಲು ಹೋಗಿ ಸಾರಿ ಕೇಳಿದಳು. ಹೊಸ ಹುಡುಗಿ "ಪರವಾಗಿಲ್ಲ" ಅಂದಳು. ಅದರಿಂದೇನೂ ಆಗಲಿಲ್ಲ. ಇನ್ನೊಂದು ದಿನ ತನ್ನ ಬಾಟಲಿಯನ್ನೇ ಅವಳ ಮುಂದೆ ಕುಕ್ಕಿದಳು.

"ಕುಡಿಯೇ. ಕೋಪ ನನ್ನ ಮೇಲಲ್ವಾ? ಪಾಪ, ನೀರೇನು ಮಾಡ್ತು?"

ಹೊಸ ಹುಡುಗಿಗೆ ನಗು ಬಂತು. ತಡೆದುಕೊಂಡಳು. ಕುಡಿಯಲಿಲ್ಲ.

ದಸರಾ ರಜೆ ಮುಗಿದ ಮೇಲೆ ಒಂದು ಮಧ್ಯಾಹ್ನ ಮಳೆ ಹಿಡಿಯಿತು. ಕರೆಂಟು ಹೋಯಿತು. ತರಗತಿಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದವು. ಬೋರ್ಡಿನ ಮೇಲಿನ ಅಕ್ಷರ ಕಾಣದೆ ಎಲ್ಲ ಕಡೆ ಪಾಠ ತಾನಾಗಿ ನಿಂತಿತ್ತು. ಮಕ್ಕಳು ಡೆಸ್ಕಿನ ಮೇಲೆ ಕೆನ್ನೆಯಿಟ್ಟು ಮಳೆ ಕೇಳುತ್ತಿದ್ದರು. ಇಂಟರ್‌ವಲ್ ಗಂಟೆ ಆಗಷ್ಟೇ ಹೊಡೆದಿತ್ತು. ನಾನು ಸ್ಟಾಫ್ ರೂಮಿನಲ್ಲಿದ್ದೆ. ಅದರ ಹಿಂದಿನ ಕಿಟಕಿ ಹುಡುಗಿಯರ ಟಾಯ್ಲೆಟ್ಟಿನ ಅಂಗಳದ ಕಡೆಗಿದೆ. ಅಲ್ಲಿ ಎತ್ತರದ ಹುಡುಗಿ ಹೊಸ ಹುಡುಗಿಯ ಕೈ ಹಿಡಿದು ಎಳೆದುಕೊಂಡು ಬರುತ್ತಿರುವುದು ಕಂಡಿತು. ಎತ್ತರದವಳ ಹಳೆಯ ಜೋಡಿ ಹಿಂದೆಯೇ ಮುಖ ಊದಿಸಿಕೊಂಡು ಬರುತ್ತಿದ್ದಳು.

"ಹಂಗಾದ್ರೆ ನಾನು?"

"ನೀನೂ ಇರು. ನಂಗೆ ಇಬ್ರು. ಏನೀಗ?"

ಹೊಸ ಹುಡುಗಿ ಬಾಗಿಲ ಮುಂದೆ ನಿಂತುಬಿಟ್ಟಳು. ಎತ್ತರದವಳು ತಲೆ ಕೆರೆದುಕೊಂಡಳು.

"ನೀನು ಹೋಗು. ನಾನು ಇಲ್ಲೇ ಮಾತಾಡ್ತಾನೇ ಇರ್ತೀನಿ. ನನ್ನ ವಾಯ್ಸ್ ಕೇಳುಸ್ತಾ ಇದ್ರೆ ನಾನಿದೀನಿ ಅಂತ. ಸರೀನಾ?"

ಬಾಗಿಲು ಮುಚ್ಚಿತು. ಎತ್ತರದವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಹಿಂದಿನ ರಾತ್ರಿಯ ಧಾರಾವಾಹಿಯ ಕತೆ ಶುರು ಮಾಡಿದಳು. ಮಳೆಯ ಸದ್ದನ್ನು ಮೀರಬೇಕಾಗಿದ್ದರಿಂದ ಕೂಗಿಯೇ ಹೇಳುತ್ತಿದ್ದಳು.

"ಅತ್ತೆ ಬಂದ್ಲಾ, ಬಂದು ಅಡುಗೆಮನೆ ಬಾಗಿಲು ಹಾಕ್ಕೊಂಡ್ಲು. ಪಾಯಸದ ಪಾತ್ರೆ ಇಲ್ಲಿದೆ. ಸೊಸೆ ಅಲ್ಲಿ ದೇವರಿಗೆ ದೀಪ ಹಚ್ತಾ ಇದಾಳೆ, ಪೆದ್ದು. ಅತ್ತೆ ಸೆರಗಿಂದ ಒಂದು ಪೊಟ್ಟಣ ತೆಗುದ್ಲು..."

ಸೂರಿನಡಿ ಸಾಲಿನಲ್ಲಿದ್ದ ಹುಡುಗಿಯರೆಲ್ಲ ಹತ್ತಿರ ಸರಿದರು. ಮಳೆಯ ಪರದೆಯೊಳಗೆ, ಆ ಬೂದು ಬೆಳಕಿನಲ್ಲಿ, ಒಬ್ಬರಿಗೊಬ್ಬರು ಒತ್ತಿಕೊಂಡು ಕತೆ ಕೇಳುತ್ತ ನಿಂತಿದ್ದರು. ಆಯಮ್ಮನೂ ಪೊರಕೆ ಹಿಡಿದು ಬಂದು ನಿಂತರು. ಪೊಟ್ಟಣದಲ್ಲಿ ಏನಿತ್ತು ಎಂದು ಹೇಳುವ ಮೊದಲು ಎತ್ತರದವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. ಮಳೆ ಮಾತ್ರ ಕೇಳಿಸಿತು.

ಬಾಗಿಲ ಒಳಗಿನಿಂದ ಒಂದು ದನಿ ಬಂತು. "ಆಮೇಲೆ?"

ಎಲ್ಲರೂ ನಕ್ಕರು. ಒಳಗಿನಿಂದಲೂ ನಗು ಕೇಳಿಸಿತು.

ಅದಾದ ಮೇಲೆ ಹೊಸ ಹುಡುಗಿ ನೀರಿನ ಗಂಟೆಗೆ ಒಂದೆರಡು ಗುಟುಕು ಕುಡಿಯತೊಡಗಿದಳು. ಆದರೆ ಎಲ್ಲವೂ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಹಳೆಯ ಜೋಡಿ ಎರಡು ದಿನ ಮಾತು ಬಿಟ್ಟಳು. ಎತ್ತರದವಳಿಗೆ ಕಣ್ಣುಬೇನೆ ಬಂದು ಒಂದು ವಾರ ಬರದಿದ್ದಾಗ ಹೊಸ ಹುಡುಗಿ ಮತ್ತೆ ಬಾಟಲಿ ಎತ್ತಿ ಸುಮ್ಮನೆ ಹಿಡಿದಳು. ಮೂರನೆಯ ದಿನ ಹಳೆಯ ಜೋಡಿಯೇ ಎದ್ದುಬಂದು, "ನಂಗೆ ಅವಳಷ್ಟು ಚೆನ್ನಾಗಿ ಕತೆ ಹೇಳೋಕೆ ಬರಲ್ಲ, ಮಗ್ಗಿ ಹೇಳ್ತೀನಿ, ನಡಿ" ಎಂದಳು. ಹದಿನೇಳರ ಮಗ್ಗಿ ಕಿಟಕಿಯಿಂದ ನನಗೂ ಕೇಳಿಸಿತು. ನಡುವೆ ಒಂದು ಕಡೆ ತಪ್ಪಿತು. ಒಳಗಿನವಳು ತಿದ್ದಿದಳು.

ಡಿಸೆಂಬರ್‌ನ ಪೋಷಕರ ಸಭೆಗೆ ಹೊಸ ಹುಡುಗಿಯ ತಾಯಿ ಬಂದಿದ್ದರು. ಮತ್ತೆ ಜ್ವರ ಬಂದಿಲ್ಲ ಎಂದರು. ಲಗ್ಗೆರೆಯ ಅಕ್ಕನ ಮಾತು ಎತ್ತಲಿಲ್ಲ. ಸಭೆ ಮುಗಿಯುವ ಮೊದಲೇ ಶಿಫ್ಟಿಗೆ ಹೊತ್ತಾಯಿತೆಂದು ಹೊರಟರು.

ಅವಳು ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಕಳೆದ ಶುಕ್ರವಾರ ಮಧ್ಯಾಹ್ನ ನೀರಿನ ಗಂಟೆ ಹೊಡೆದಾಗ ಅವಳ ಬಾಟಲಿ ಆಗಲೇ ಖಾಲಿಯಾಗಿತ್ತು. ಪಕ್ಕದ ಬೆಂಚಿನವಳ ಕಡೆ ಕೈ ಚಾಚಿ, "ನಿಂದು ಕೊಡೇ" ಎಂದಳು. ಒಂದು ಗುಟುಕು ಕುಡಿದು, ಬೋರ್ ನೀರು ಎಂದು ಮುಖ ಸಿಂಡರಿಸಿ, ಉಳಿದದ್ದನ್ನೂ ಕುಡಿದಳು.